ಮಂಗಳ ಹಾಡದ ಕತೆ

ಪುರಾಣ ಹೇಳುವವರಿಗೆ ಹಿರಿಯರು ಒಂದು ಕಟ್ಟಳೆಯನ್ನು ವಿಧಿಸಿದ್ದರು. ರಾಮಾಯಣವನ್ನು ಆರಂಭಿಸಿದವರು ಪಟ್ಟಾಭಿಷೇಕದವರೆಗೆ ಹೇಳಿಯೇ ಪೀಠದಿಂದ ಏಳಬೇಕು. ನಡುವೆ ಮಳೆ ಬರಲಿ, ಕೇಳುವವರು ನಾಲ್ವರೇ ಉಳಿಯಲಿ, ಕೊನೆಯ ದಿನ ಮಂಗಳ ಹಾಡಿ, ಹೇಳಿದವರಿಗೆ ಫಲತಾಂಬೂಲವಿತ್ತು, ಕೇಳಿದವರ ಕೈಗೆ ಕೋಸಂಬರಿ ಪಾನಕಗಳು ಬೀಳುವ ತನಕ ಕತೆ ಮುಗಿಯಿತೆಂಬ ಲೆಕ್ಕವಿರಲಿಲ್ಲ. ಈಗ ದೀಪ ಹಚ್ಚುವ ಹೊತ್ತಿಗೆ ಜಯನಗರ, ಬನಶಂಕರಿಗಳ ನಡುಮನೆಗಳಲ್ಲಿ ಪುರಾಣಿಕರ ಪೀಠವನ್ನು ದೂರದರ್ಶನದ ಪೆಟ್ಟಿಗೆ ಹಿಡಿದುಕೊಂಡಿದೆ. ಪೀಠವೇನೋ ಅದಕ್ಕೆ ದೊರೆಯಿತು. ಕಟ್ಟಳೆ ಮಾತ್ರ ಜೊತೆಯಲ್ಲಿ ಬರಲಿಲ್ಲ.

ವರ್ಷಗಟ್ಟಲೆ ನಡೆದ ಧಾರಾವಾಹಿಯೊಂದು ಮುಗಿಯುವಾಗ ಬೀಳ್ಕೊಡುಗೆಯ ಮಾತುಕತೆಯೊಂದನ್ನು ಏರ್ಪಡಿಸುವುದುಂಟು. ನಿರೂಪಕರು ನಗುನಗುತ್ತ ಬರುತ್ತಾರೆ. ಪಾತ್ರಧಾರಿಗಳು ಸಾಲಾಗಿ ಸೋಫಾಗಳಲ್ಲಿ ಕುಳಿತುಕೊಳ್ಳುತ್ತಾರೆ. ಹಳೆಯ ದೃಶ್ಯಗಳು ತೆರೆಯ ಮೇಲೆ ಸುಳಿಯುತ್ತವೆ. ನಾಯಕಿಯ ಕಣ್ಣು ತುಂಬುತ್ತದೆ. ‘ನಾವೆಲ್ಲ ಒಂದೇ ಕುಟುಂಬದವರಂತೆ ಇದ್ದೆವು’ ಎಂಬ ಮಾತನ್ನು ಒಬ್ಬರಾದರೂ ಆಡದೆ ಆ ಕಾರ್ಯಕ್ರಮ ಮುಗಿಯುವುದಿಲ್ಲ. ಇದನ್ನು ಬರಿಯ ಜಾಹೀರಾತಿನ ಆಟವೆಂದು ತಳ್ಳಿಹಾಕುವ ಪಂಡಿತರಿದ್ದಾರೆ. ಅವರು ಮನೆಯ ಹಿರಿಯ ಹೆಂಗಸರ ಪಕ್ಕದಲ್ಲಿ ಕುಳಿತು ಅದನ್ನು ನೋಡಿದವರಲ್ಲ. ಆರು ವರ್ಷ ಸೊಸೆಯನ್ನು ಗೋಳು ಹುಯ್ದುಕೊಂಡ ಅತ್ತೆ, ಅಂದು ಅದೇ ಸೊಸೆಯ ಕೈ ಹಿಡಿದುಕೊಂಡು ನಗುತ್ತಿರುತ್ತಾಳೆ. ‘ಅಯ್ಯೋ, ಇಷ್ಟು ಸಾಧು ಹೆಂಗಸೇನೇ ಇವಳು! ಸುಮ್ಮಸುಮ್ಮನೆ ಶಾಪ ಹಾಕಿದೆನಲ್ಲೇ’ ಎಂದು ಅಜ್ಜಿ ಕೆನ್ನೆ ತಟ್ಟಿಕೊಳ್ಳುತ್ತಾಳೆ. ಬಣ್ಣ ಕಳಚಿದ ಮುಖವನ್ನು ಒಮ್ಮೆ ತೋರಿಸಿ, ನೋಡುವವರ ಮನಸ್ಸಿನಲ್ಲಿ ಸೇರಿದ್ದ ವಿಷವನ್ನು ತೊಳೆಯುವ ಕೆಲಸ ಅಲ್ಲಿ ನಡೆಯುತ್ತದೆ. ಮಂಗಳದ ಅರ್ಥವೂ ಇದೇ ಅಲ್ಲವೆ?

ಕನ್ನಡದಲ್ಲಿ ದೀರ್ಘಾಯುಷಿ ಧಾರಾವಾಹಿಗಳಿಗೆ ಕೊರತೆಯಿಲ್ಲ. ‘ಪುಟ್ಟಗೌರಿ ಮದುವೆ’ 2012ರಿಂದ 2019ರವರೆಗೂ, ‘ಅಗ್ನಿಸಾಕ್ಷಿ’ 2013ರ ಕೊನೆಯಿಂದ 2020ರ ಮೊದಲ ದಿನಗಳವರೆಗೂ ನಡೆದುವು. ಪುಟ್ಟಗೌರಿಯ ಬಾಲ್ಯವನ್ನು ಅಭಿನಯಿಸಿದವರು ಸಾನ್ಯಾ ಅಯ್ಯರ್; ಗೌರಿ ಬೆಳೆದ ಮೇಲೆ ಆ ಪಾತ್ರ ರಂಜನಿ ರಾಘವನ್ ಅವರದಾಯಿತು. ಅದೇ ರಂಜನಿ 2020ರಲ್ಲಿ ‘ಕನ್ನಡತಿ’ಯ ಭುವನೇಶ್ವರಿಯಾಗಿ, ಕನ್ನಡದ ಅಧ್ಯಾಪಕಿಯಾಗಿ ಬಂದರು. ಆ ಧಾರಾವಾಹಿಯ ಜೊತೆಗೆ ‘ಸರಿಗನ್ನಡಂ ಗೆಲ್ಗೆ’ ಎಂಬ ಪುಟ್ಟ ಪಾಠವೊಂದಿರುತ್ತಿತ್ತು. ಶಾಲೆಯ ವ್ಯಾಕರಣಕ್ಕೆ ಮೂಗು ಮುರಿಯುವ ಮಕ್ಕಳೂ ಅಜ್ಜಿಯ ಪಕ್ಕ ಕುಳಿತು ಪದಗಳ ಸರಿತಪ್ಪುಗಳನ್ನು ಕೇಳಿದರು. 2023ರಲ್ಲಿ ‘ಕನ್ನಡತಿ’ ಮುಗಿದಾಗ ಕತೆಯೊಡನೆ ಒಂದು ಮನೆಪಾಠವೂ ಮುಗಿದಂತಾಯಿತು.

ಮುಗಿದುದಕ್ಕೆ ಕಣ್ಣೀರಿದೆ, ಸಮಾಧಾನವೂ ಇದೆ. ಮುಗಿಯದೆ ನಿಂತುಹೋದುದಕ್ಕೆ ಏನಿದೆ?

ಟಿ. ಎನ್. ಸೀತಾರಾಮ್ ಅವರ ‘ಮಗಳು ಜಾನಕಿ’ 2018ರಲ್ಲಿ ಕಲರ್ಸ್ ಸೂಪರ್ ವಾಹಿನಿಯಲ್ಲಿ ಆರಂಭವಾಯಿತು. 1998ರ ‘ಮಾಯಾಮೃಗ’ದಿಂದ ‘ಮನ್ವಂತರ’, ‘ಮುಕ್ತ’, ‘ಮುಕ್ತ ಮುಕ್ತ’ಗಳವರೆಗೆ ಅವರ ಕತೆಗಳೊಂದಿಗೇ ವಯಸ್ಸಾದ ಮನೆಗಳು ದಕ್ಷಿಣ ಬೆಂಗಳೂರಿನಲ್ಲಿ ಬಹಳ. ಜಾನಕಿಯಾಗಿ ಗಾನವಿ ಲಕ್ಷ್ಮಣ್ ಬಂದರು, ಸಿ.ಎಸ್.ಪಿ. ಎಂಬ ವಕೀಲನಾಗಿ ಸೀತಾರಾಮ್ ಅವರೇ ಮತ್ತೆ ಕರಿಯ ಕೋಟು ತೊಟ್ಟರು. 2020ರ ಮಾರ್ಚಿಯಲ್ಲಿ ಕೊರೋನಾ ಬಂತು. ಊರಿಗೆ ಬೀಗ ಬಿತ್ತು, ಚಿತ್ರೀಕರಣ ನಿಂತಿತು. ಮೇ ತಿಂಗಳಲ್ಲಿ ಒಳಾಂಗಣದ ಕೆಲಸಕ್ಕೆ ಅನುಮತಿ ದೊರೆತು ಹಲವು ಧಾರಾವಾಹಿಗಳು ಮತ್ತೆ ಉಸಿರಾಡಿದುವು. ಜಾನಕಿಯ ಕತೆ ಮಾತ್ರ ಆ ವಾಹಿನಿಯಲ್ಲಿ ಮುಂದುವರಿಯಲಿಲ್ಲ.

ಜಯನಗರದ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಎಂಬತ್ತರ ಸಮೀಪದ ಅಜ್ಜಿ. ದೇವಸ್ಥಾನಕ್ಕೆ ಬೀಗ, ಉದ್ಯಾನಕ್ಕೆ ಬೀಗ, ಮಗಳು ಬಿ.ಟಿ.ಎಂ. ಬಡಾವಣೆಯಲ್ಲಿದ್ದರೂ ಅಮೆರಿಕದಲ್ಲಿದ್ದಷ್ಟೇ ದೂರ. ದಿನವೂ ತಪ್ಪದೆ ಮನೆಗೆ ಬರುತ್ತಿದ್ದವಳು ಜಾನಕಿಯೊಬ್ಬಳೇ, ಅವಳೂ ಬರಲಿಲ್ಲ.

‘ಜಾನಕಿ ಏನಾದಳೋ, ಮರಿ?’

‘ಅದು ನಿಂತುಹೋಯಿತು, ಅಜ್ಜಿ.’

‘ನಿಂತುಹೋಯಿತು ಅಂದರೆ? ಮುಗಿಯಿತು ಅನ್ನು, ಒಪ್ಪಿಕೊಳ್ಳುತ್ತೇನೆ. ನಿಂತುಹೋಗುವುದಕ್ಕೆ ಅದೇನು ಗಡಿಯಾರವೇನಪ್ಪ?’

ಮೊಮ್ಮಗ ನಕ್ಕುಬಿಟ್ಟ. ಅಜ್ಜಿ ನಗಲಿಲ್ಲ. ಆಕೆಯ ಮಾತಿನಲ್ಲಿದ್ದ ಭೇದ ಸಣ್ಣದಲ್ಲ. ಆ ದಿನಗಳಲ್ಲಿ ಎಷ್ಟೋ ಮನೆಗಳ ಹಿರಿಯರು ಬಂಧುಗಳ ಕೊನೆಯ ದರ್ಶನವಿಲ್ಲದೆ, ನಾಲ್ಕು ಜನ ಸೇರದೆ, ಹೊರಟುಹೋದರು. ವಿದಾಯವಿಲ್ಲದ ಅಗಲಿಕೆ ಎಂತಹುದೆಂದು ಇಡೀ ಊರೇ ಅರಿತುಕೊಂಡ ಕಾಲವದು. ಅದರ ಮುಂದೆ ಕಲ್ಪನೆಯ ಹುಡುಗಿಯೊಬ್ಬಳ ಕತೆ ದೊಡ್ಡದಲ್ಲ. ಆದರೆ ಅದೇ ನೋವಿನ ಒಂದು ಎಳೆ ಇಲ್ಲಿಯೂ ಇತ್ತು.

ನೋವು ಅಜ್ಜಿಯೊಬ್ಬಳದೇ ಅಲ್ಲ. ಧಾರಾವಾಹಿಯೊಂದು ನಿಂತರೆ ನಾಯಕಿಗೆ ಚಲನಚಿತ್ರ ಸಿಕ್ಕೀತು. ದೀಪ ಹಿಡಿಯುವವನಿಗೆ, ಬಣ್ಣ ಬಳಿಯುವವನಿಗೆ, ಉಡುಪು ಇಸ್ತ್ರಿ ಮಾಡುವವನಿಗೆ, ಊಟ ಬಡಿಸುವವನಿಗೆ ದಿನದ ಕೂಲಿ ಹೋಗುತ್ತದೆ. ರಾತ್ರಿಯೆಲ್ಲ ಕುಳಿತು ನಾಳಿನ ಸಂಭಾಷಣೆಯನ್ನು ಬರೆಯುವ ಲೇಖಕನ ಲೇಖನಿಗೆ ಕೆಲಸವಿಲ್ಲದಾಗುತ್ತದೆ. ಅದೇ 2020ರ ಮೇ ತಿಂಗಳಲ್ಲಿ ಹಿಂದಿಯ ‘ಮಹಾಭಾರತ’ವು ಕನ್ನಡದ ಮಾತು ತೊಟ್ಟು ಕಿರುತೆರೆಗೆ ಬಂದಿತು. ಜನ ಮೆಚ್ಚಿ ನೋಡಿದರು, ನೋಡಿದುದು ತಪ್ಪಲ್ಲ. ಆದರೆ ಇಲ್ಲಿನ ಬಣ್ಣದವನೂ ದೀಪದವನೂ ಅಂದು ಮನೆಯಲ್ಲಿ ಕುಳಿತು ತಮ್ಮ ನಾಳೆಯನ್ನು ಲೆಕ್ಕ ಹಾಕಿದ್ದರೆ ಅದೂ ತಪ್ಪಲ್ಲ.

ಬೀಳ್ಕೊಡುಗೆಯ ಮಾತುಕತೆಗಳಲ್ಲಿ ಇವರಿಗೆ ಸೋಫಾ ದೊರೆಯುವುದು ಅಪರೂಪ. 2014ರಲ್ಲಿ ಆರಂಭವಾದ ‘ವೀಕೆಂಡ್ ವಿತ್ ರಮೇಶ್’ ಕಾರ್ಯಕ್ರಮದಲ್ಲಿ ರಮೇಶ್ ಅರವಿಂದ್ ಅವರು ಸಾಧಕರನ್ನು ಕುಳ್ಳಿರಿಸಿ, ಅವರ ಹಳೆಯ ಮೇಷ್ಟರನ್ನೂ ಬಾಲ್ಯದ ಗೆಳೆಯರನ್ನೂ ಒಬ್ಬೊಬ್ಬರಾಗಿ ಕರೆತಂದರು. ವ್ಯಕ್ತಿಗೆ ಸಲ್ಲುವ ಈ ಮರ್ಯಾದೆ ಕತೆಗೂ ಸಲ್ಲಬಾರದೆ? ಸಂಭಾಷಣೆ ಬರೆದವರನ್ನೂ ದೀಪ ಹಿಡಿದವರನ್ನೂ ಒಮ್ಮೆ ಬೆಳಕಿಗೆ ಕರೆದು ಕುಳ್ಳಿರಿಸಬಹುದು. ನೋಡಿದವರಿಗೂ ಮಾತು ಕೊಡಬಹುದು. ಸೀತಾರಾಮ್ ಅವರು ‘ಮುಕ್ತ ಮುಕ್ತ’ದ ಕಾಲದಲ್ಲಿ ಪ್ರೇಕ್ಷಕರನ್ನು ಸೇರಿಸಿ ಸಂವಾದಗಳನ್ನು ನಡೆಸಿದ್ದರು. ಹೇಳುವವನು ಕೇಳುವವರ ಪ್ರಶ್ನೆಗೆ ಉತ್ತರ ಕೊಡುವ ಆ ಪದ್ಧತಿಯಲ್ಲಿ ಪುರಾಣದ ಜಗಲಿಯ ನೆನಪಿತ್ತು.

ಅಮೆರಿಕದಲ್ಲಿ ‘ಗೈಡಿಂಗ್ ಲೈಟ್’ ಎಂಬ ಕತೆ 1937ರಲ್ಲಿ ರೇಡಿಯೋದಲ್ಲಿ ಮೊದಲಾಗಿ, 1952ರಲ್ಲಿ ದೂರದರ್ಶನಕ್ಕೆ ಬಂದು, 2009ರ ಸೆಪ್ಟೆಂಬರಿನಲ್ಲಿ ಮುಗಿಯಿತು. 72 ವರ್ಷ! ಸಾಬೂನಿನ ಕಂಪನಿಯ ಹಣದಿಂದ ನಡೆದ ಕತೆಯನ್ನು ಅಜ್ಜಿ, ಮಗಳು, ಮೊಮ್ಮಗಳು ಮೂವರೂ ನೋಡಿದರು. ವ್ಯಾಪಾರದ ಸರಕಾಗಿ ಹುಟ್ಟಿದ್ದು ಮನೆತನದ ನೆನಪಾಗಿ ಬೆಳೆಯಿತು. ವ್ಯಾಪಾರಿಗೆ ಬಾಗಿಲು ಮುಚ್ಚುವ ಹಕ್ಕು ಇದ್ದೇ ಇದೆ. ಆದರೆ ಗಿರಾಕಿಯಲ್ಲದೆ ನೆಂಟನಾಗಿ ಬಂದವನಿಗೆ ‘ಹೋಗಿ ಬನ್ನಿ’ ಎಂದು ಹೇಳುವ ಹೊಣೆಯೂ ಅವನಿಗೆ ಅಂಟಿಕೊಂಡಿರುತ್ತದೆ.

ಈ ನೆಂಟಸ್ತಿಕೆಯ ಬಲವನ್ನು ಬಡಾವಣೆಯ ಜನ 2024ರ ಜುಲೈ 11ರಂದು ಕಂಡರು. ‘ಮೂಡಲಮನೆ’, ‘ಮುಕ್ತ’ಗಳಲ್ಲಿ ನಟಿಸಿ, ‘ಮಜಾ ಟಾಕೀಸ್’ನಲ್ಲಿ ವರಲಕ್ಷ್ಮಿಯಾಗಿ ನಗಿಸಿದ ಅಪರ್ಣಾ ಬನಶಂಕರಿಯ ಮನೆಯಲ್ಲಿ ತೀರಿಕೊಂಡರು. ಮರುದಿನವೂ ಮೆಟ್ರೋ ರೈಲಿನಲ್ಲಿ ಅವರದೇ ಕಂಠ ಮುಂದಿನ ನಿಲ್ದಾಣದ ಹೆಸರು ಹೇಳಿತು. ಬನಶಂಕರಿಯ ಹೆಸರು ಬಂದಾಗ ಕಣ್ಣು ಒರೆಸಿಕೊಂಡವರು ಅವರ ಬಂಧುಗಳೇನಲ್ಲ, ಸಂಜೆಯ ನೆಂಟರು.

2022ರಲ್ಲಿ ‘ಮತ್ತೆ ಮಾಯಾಮೃಗ’ ಬಂತು. 24 ವರ್ಷದ ಮೇಲೆ ಹಳೆಯ ಕತೆಯೊಂದು ಬಾಗಿಲು ತಟ್ಟಿದಾಗ ಜಯನಗರದ ಅಜ್ಜಿಗೆ ಸಂತೋಷವಾಯಿತು; ಜಾನಕಿಯ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ಉದ್ಯಾನದ ಕಲ್ಲುಬೆಂಚಿನ ಮೇಲೆ ಪಕ್ಕದ ಮನೆಯಾಕೆ ಒಂದು ದಿನ ಕೇಳಿದಳು: ‘ಕೊನೆಗೆ ಜಾನಕಿ ಏನಾದಳಂತೆ, ಅತ್ತೆ?’

‘ಆಗುವುದೇನೇ? ತವರಿಗೂ ಹೆಸರು ತಂದಳು, ತನಗೂ ಹೆಸರು ತಂದಳು’ ಎಂದು ಅಜ್ಜಿ ತಡವರಿಸದೆ ಆರಂಭಿಸಿದಳು. ಕತೆ ಅರ್ಧ ಗಂಟೆ ನಡೆಯಿತು. ಹಾಗೆ ಯಾವ ವಾಹಿನಿಯಲ್ಲಿಯೂ ಬಂದಿರಲಿಲ್ಲ. ಕೇಳಿದಾಕೆ ಅದನ್ನು ನಂಬಿದಳು. ಹೇಳಿದಾಕೆ ಅಂದು ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದಳು.