“ನಾನು ಯಾರು ಹೇಳು?” ಎನ್ನಬೇಡಿ

ಪ್ರೀತಿಯ ಮೊಮ್ಮಕ್ಕಳೇ,

ಹೋದ ಭಾನುವಾರ ನಮ್ಮ ಅಕ್ಕನನ್ನು ಕರೆದುಕೊಂಡು ಸಾವನದುರ್ಗಕ್ಕೆ ಹೋಗಿದ್ದೆವು. ಅಕ್ಕನಿಗೆ 82 ವರ್ಷ. ಎರಡು ವರ್ಷದಿಂದ ಮರೆವು. ಸಾವಂದಿ ವೀರಭದ್ರಸ್ವಾಮಿಗೆ ಕೈಮುಗಿದು ಮರದ ನೆರಳಿನಲ್ಲಿ ಕೂತಾಗ ಅವಳ ಮಗಳು, “ಅಮ್ಮಾ, ನಾನು ಯಾರು ಹೇಳು?” ಎಂದು ಕೇಳಿದಳು. ಅಕ್ಕ ಅವಳ ಮುಖ ನೋಡಿದಳು, ತಡವರಿಸಿದಳು, ಪಾಠ ಒಪ್ಪಿಸಲು ಬಾರದ ಮಗುವಿನ ಹಾಗೆ ತಲೆ ತಗ್ಗಿಸಿದಳು. ಮಗಳ ಕಣ್ಣಲ್ಲೂ ನೀರು.

ಆಗ ನನಗೆ 2024ರ ಡಿಸೆಂಬರಿನಲ್ಲಿ ಓದಿದ ಒಂದು ಸುದ್ದಿ ನೆನಪಾಯಿತು. ಹೊಸಪೇಟೆ ಹತ್ತಿರದ ದಾನಾಯಕನಕೆರೆಯ ಒಬ್ಬ ತಾಯಿ ಯಾವುದೋ ರೈಲು ಹತ್ತಿ ಉತ್ತರಕ್ಕೆ ಹೋಗಿಬಿಟ್ಟಿದ್ದರು. ಮನಸ್ಸಿನ ಸ್ವಾಸ್ಥ್ಯ ಸರಿಯಿರಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲಾಯಿತು. ತೀರಿಕೊಂಡರೆಂದೇ ತಿಳಿದು ಮನೆಯವರು ತಿಥಿಯನ್ನೂ ಮಾಡಿದ್ದರು. ಆದರೆ ಆಕೆ ಹಿಮಾಚಲ ಪ್ರದೇಶದ ಮಂಡಿ ಜಿಲ್ಲೆಯ ವೃದ್ಧಾಶ್ರಮದಲ್ಲಿದ್ದರು! ಅಲ್ಲಿಯವರಿಗೆ ಕನ್ನಡ ಬಾರದು, ಇವರಿಗೆ ಹಿಂದಿ ಬಾರದು. ಕೊನೆಗೆ ಪಾಲಂಪುರದಲ್ಲಿ ಅಧಿಕಾರಿಯಾಗಿದ್ದ ನಮ್ಮ ಕರ್ನಾಟಕದ ನೇತ್ರಾ ಮೇಟಿ ಅವರು ಫೋನಿನಲ್ಲಿ ಕನ್ನಡದಲ್ಲೇ ಮಾತಾಡಿಸಿದರು. ಮಾತಿಗೆ ಮಾತು ಸೇರಿ ಊರಿನ ಸುಳಿವು ಸಿಕ್ಕಿತು. ಇನ್ನೊಬ್ಬ ಕನ್ನಡಿಗ ಅಧಿಕಾರಿ ವಿಡಿಯೊ ಮಾಡಿ ಕಳಿಸಿದರು. ಮಕ್ಕಳು ಅಮ್ಮನನ್ನು ಗುರುತಿಸಿದರು. ಅಮ್ಮ ಹೋದಾಗ ಚಿಕ್ಕವರಾಗಿದ್ದವರು ಈಗ ದೊಡ್ಡವರಾಗಿದ್ದರು.

ಆ ತಾಯಿಯ ಕಷ್ಟ ಬೇರೆ, ನಮ್ಮಕ್ಕನದು ಬೇರೆ. ಆದರೂ ಇಬ್ಬರಿಗೂ ಬೇಕಾದದ್ದು ಒಂದೇ, ಹಿಡಿದುಕೊಳ್ಳಲು ಒಂದು ಎಳೆ.

ಬ್ಯಾಂಕಿನಲ್ಲಿ ನಾವು ಅಂದಂದಿನ ಲೆಕ್ಕವನ್ನು ಮೊದಲು ದಿನವಹಿಯಲ್ಲಿ ಬರೆದು ಆಮೇಲೆ ಲೆಡ್ಜರಿಗೆ ಏರಿಸುತ್ತಿದ್ದೆವು. ಮಿದುಳಿನಲ್ಲೂ ಕಡಲ್ಗುದುರೆಯ ಆಕಾರದ ಒಂದು ಭಾಗವಿದೆ, ಹೆಸರು ಹಿಪೊಕ್ಯಾಂಪಸ್. ಅದೇ ನಮ್ಮ ದಿನವಹಿ. ಅಲ್ಝೈಮರ್ ಎಂಬ ಮರೆವಿನ ರೋಗ ಸಾಮಾನ್ಯವಾಗಿ ಮೊದಲು ಕೆಡಿಸುವುದು ಅದನ್ನು. ಅದಕ್ಕೇ ಬೆಳಿಗ್ಗೆ ತಿಂದ ತಿಂಡಿ ಮರೆತುಹೋಗುತ್ತದೆ, ಹಳೆಯ ಲೆಡ್ಜರಿನ ಪುಟಗಳು ಬಹಳ ಕಾಲ ಉಳಿದಿರುತ್ತವೆ.

ಇದನ್ನೆಲ್ಲ ಅರಿಯದ ನನ್ನ ಏಳು ವರ್ಷದ ಮೊಮ್ಮಗ ಬೆಟ್ಟ ತೋರಿಸಿ, “ಅಜ್ಜಿ, ನೀವು ಇದನ್ನ ಹತ್ತಿದ್ದೀರಾ?” ಎಂದ.

ಅಕ್ಕ ತಲೆಯೆತ್ತಿದಳು. “ಹತ್ತದೇ ಏನು! ಮೇಲೆ ನಂದಿ ತನಕ ಹೋಗಿದ್ದೆ. ನಮ್ಮ ಪುಟ್ಟಿ ಅರ್ಧ ದಾರೀಲಿ ಕಾಲುನೋವು ಅಂತ ಬಂಡೆ ಮೇಲೆ ಕೂತು ಅತ್ತಳು. ಸೆರಗಿನಲ್ಲಿ ಕಟ್ಟಿದ್ದ ಬೆಲ್ಲ ಕೊಟ್ಟು ಎಬ್ಬಿಸಿದೆ.”

ಮಕ್ಕಳೇ, ಮರೆವು ಕಂಡರೆ ವೈದ್ಯರಿಗೆ ತೋರಿಸಲೇಬೇಕು. ಮನೆಯಲ್ಲಿ ಮಾತ್ರ ಪರೀಕ್ಷೆ ಮಾಡಬೇಡಿ. “ನಾನು ನಿಮ್ಮ ಮೊಮ್ಮಗಳು, ಶಾಲೆಯಿಂದ ಬಂದೆ” ಎಂದು ನೀವೇ ಹೇಳಿ, ಹಳೆಯದೊಂದನ್ನು ಕೇಳಿ. ಉತ್ತರ ಬಾರದಿದ್ದರೆ ಕೈ ಹಿಡಿದು ಸುಮ್ಮನೆ ಕೂತರೂ ಸಾಕು.

ಅಂದು ಹೊರಡುವಾಗ ಅಕ್ಕ ಮಗಳ ಕಡೆ ತಿರುಗಿ ಮೆಲ್ಲಗೆ ಕೇಳಿದಳು: “ಈಗ ಕಾಲು ನೋಯ್ತದಾ, ಪುಟ್ಟಿ?”

ನಿಮ್ಮ ತಾತ