ಡ್ರ್ಯಾಗನ್ನಿನ ಕಥೆಗಳೂ ಮೂಗು ಮುರಿಯುವ ಪಂಡಿತರೂ

ಮನೆಮಂದಿಯೆಲ್ಲ ಓದಬಹುದಾದ ಇಂಗ್ಲಿಷ್ ಪುಸ್ತಕಗಳ ಪಟ್ಟಿಯೊಂದನ್ನು ಸಿದ್ಧಪಡಿಸುವುದಕ್ಕಾಗಿ ಕೆಲವು ತಿಂಗಳ ಹಿಂದೆ ಸೇರಿದ್ದ ಒಂದು ಚಿಕ್ಕ ಸಭೆಯಲ್ಲಿ ನಾನೂ ಕುಳಿತಿದ್ದೆನು. ನನ್ನ ಸರದಿ ಬಂದಾಗ ಆ್ಯನ್ ಮೆಕ್ಯಾಫ್ರಿ ಎಂಬ ಲೇಖಕಿಯ ‘ಪರ್ನ್’ ಮಾಲೆಯಿಂದ ನಾಲ್ಕು ಸಂಪುಟಗಳನ್ನು ಸೂಚಿಸಿದೆನು. ಹಿರಿಯ ಮಿತ್ರರೊಬ್ಬರು, ಬಹುಕಾಲ ವ್ಯಾಸಂಗ ಮಾಡಿದವರು, ಹೊದಿಕೆಯ ಮೇಲಿದ್ದ ರೆಕ್ಕೆಯ ಪ್ರಾಣಿಯನ್ನು ಕಂಡು ನಕ್ಕರು. ಒಳಗಿನ ಒಂದು ಪುಟವನ್ನೂ ತಿರುವದೆ ಪುಸ್ತಕವನ್ನು ಮೇಜಿನ ಆಚೆಯ ಅಂಚಿಗೆ ಸರಿಸಿದರು. ಆ ನಾಲ್ಕು ಸಂಪುಟಗಳು ಪಟ್ಟಿಯಲ್ಲಿ ಸೇರಲಿಲ್ಲ. ಅದರಿಂದ ನನಗೆ ವೈಯಕ್ತಿಕವಾಗಿ ನಷ್ಟವೇನೂ ಇಲ್ಲ. ನಾನು ಅವುಗಳನ್ನು ಓದಿಯಾಗಿದೆ. ಓದಬೇಕಾದವರು ಬೇರೆ ಇದ್ದಾರೆ. ಅವರ ಪರವಾಗಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಮೊದಲು ಈ ಲೇಖಕಿ ಯಾರೆಂಬುದನ್ನು ಸಂಗ್ರಹವಾಗಿ ಹೇಳುವೆನು. ಈಕೆ ೧೯೨೬ನೆಯ ಏಪ್ರಿಲ್ ೧ರಂದು ಅಮೆರಿಕೆಯ ಮ್ಯಾಸಚೂಸೆಟ್ಸ್ ಸಂಸ್ಥಾನದ ಕೇಂಬ್ರಿಜ್ ಪಟ್ಟಣದಲ್ಲಿ ಜನಿಸಿದರು. ರ್‍ಯಾಡ್‌ಕ್ಲಿಫ್ ಕಾಲೇಜಿನಲ್ಲಿ ಸ್ಲಾವಿಕ್ ಭಾಷೆಗಳನ್ನೂ ಸಾಹಿತ್ಯವನ್ನೂ ಅಭ್ಯಾಸಮಾಡಿ ೧೯೪೭ರಲ್ಲಿ ಪದವಿಯನ್ನು ಪಡೆದರು. ಗಾಯನವನ್ನು ಕ್ರಮವಾಗಿ ಕಲಿತು ಸಂಗೀತನಾಟಕಗಳಲ್ಲಿಯೂ ದುಡಿದರು. ಮೊದಲನೆಯ ಕಥೆ ೧೯೫೩ರಲ್ಲಿ ಅಚ್ಚಾಯಿತು. ಮೊದಲನೆಯ ಕಾದಂಬರಿ ‘ರೆಸ್ಟೋರಿ’ ೧೯೬೭ರಲ್ಲಿ. ಆಗಿನ ವಿಜ್ಞಾನಕಥೆಗಳಲ್ಲಿ ಹೆಂಗಸು ಎಂದರೆ ಕಿರಿಚಿಕೊಳ್ಳುವುದಕ್ಕೂ ಕಾಪಾಡಲ್ಪಡುವುದಕ್ಕೂ ಇರುವ ಬೊಂಬೆ. ಆ ಬೊಂಬೆಯಾಟವನ್ನು ಅಣಕಿಸುವುದಕ್ಕಾಗಿಯೇ ಆ ಕಾದಂಬರಿಯನ್ನು ಬರೆದರು. ೧೯೭೦ರಲ್ಲಿ ವಿವಾಹ ಮುರಿದುಬೀಳಲು, ಚಿಕ್ಕ ಮಕ್ಕಳಿಬ್ಬರನ್ನು ಕರೆದುಕೊಂಡು ಐರ್ಲೆಂಡಿಗೆ ಹೋಗಿ ನೆಲೆಸಿದರು. ಲೇಖನಿಯೇ ಸಂಸಾರದ ಆಧಾರವಾಯಿತು. ವಿಕ್ಲೋ ಪ್ರಾಂತದಲ್ಲಿ ತಾವು ಕಟ್ಟಿಸಿಕೊಂಡ ಮನೆಗೆ ಡ್ರ್ಯಾಗನ್ನಿನ ಹೆಸರನ್ನೇ ಇಟ್ಟು, ೨೦೧೧ನೆಯ ನವಂಬರ್ ೨೧ರಂದು ಅಲ್ಲಿಯೇ ಕಾಲವಾದರು.

ಇವರ ಕೀರ್ತಿಗೆ ಕಾರಣವಾದುದು ಪರ್ನ್ ಮಾಲೆ. ಅದರ ಮೊದಲನೆಯ ಕಥೆ ‘ವೇರ್ ಸರ್ಚ್’ ೧೯೬೭ರ ಅಕ್ಟೋಬರಿನಲ್ಲಿ ‘ಅನಲಾಗ್’ ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. ಮರುವರ್ಷ ಅದಕ್ಕೆ ಹ್ಯೂಗೋ ಪ್ರಶಸ್ತಿಯ ಅರ್ಧಭಾಗ ಬಂದಿತು; ಅದರ ಮುಂದಿನ ಕಥೆ ‘ಡ್ರ್ಯಾಗನ್‌ರೈಡರ್’ ನೆಬ್ಯುಲಾ ಪ್ರಶಸ್ತಿಯನ್ನು ಪಡೆಯಿತು. ಕಥಾರಚನೆಗಾಗಿ ಈ ಎರಡು ಪ್ರಶಸ್ತಿಗಳನ್ನು ಪಡೆದ ಮೊದಲ ಮಹಿಳೆ ಈಕೆಯೇ. ಎರಡು ಕಥೆಗಳೂ ಕೂಡಿ ೧೯೬೮ರಲ್ಲಿ ‘ಡ್ರ್ಯಾಗನ್‌ಫ್ಲೈಟ್’ ಎಂಬ ಕಾದಂಬರಿಯಾಯಿತು. ೧೯೭೧ರಲ್ಲಿ ‘ಡ್ರ್ಯಾಗನ್‌ಕ್ವೆಸ್ಟ್’, ೧೯೭೮ರಲ್ಲಿ ‘ದಿ ವೈಟ್ ಡ್ರ್ಯಾಗನ್’ ಬಂದುವು. ಈ ಕೊನೆಯದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಬಹುಮಾರಾಟದ ಪಟ್ಟಿಯನ್ನು ಹತ್ತಿದ ಮೊದಮೊದಲ ವಿಜ್ಞಾನ ಕಾದಂಬರಿಗಳಲ್ಲೊಂದು.

ಇನ್ನು ಪೂರ್ವಪಕ್ಷ. ಸಭೆಯಲ್ಲಿ ಕೇಳಿಬಂದ ಆಕ್ಷೇಪಗಳು ಮೂರು. ಒಂದನೆಯದು, ಇದು ಶಾಸ್ತ್ರವೂ ಅಲ್ಲ, ಪುರಾಣವೂ ಅಲ್ಲ, ಎರಡರ ಕಲಬೆರಕೆ. ಎರಡನೆಯದು, ಒಂದು ಕಥೆಯನ್ನು ಇಪ್ಪತ್ತು ಸಂಪುಟಗಳಿಗೆ ಎಳೆಯುವುದು ಸಾಹಿತ್ಯವಲ್ಲ, ವ್ಯಾಪಾರ. ಮೂರನೆಯದು, ಇದು ಹುಡುಗಿಯರ ಓದು, ಪ್ರೌಢರು ಗಮನಿಸತಕ್ಕದ್ದಲ್ಲ. ಒಂದೊಂದನ್ನೇ ವಿಚಾರಿಸೋಣ.

ಕಲಬೆರಕೆಯ ಮಾತು. ಪರ್ನ್ ಎಂಬುದು ಮನುಷ್ಯರು ಭೂಮಿಯಿಂದ ಹೋಗಿ ನೆಲೆಸಿದ ಒಂದು ಲೋಕ. ಅದರ ನೆರೆಯಲ್ಲಿ ಕೆಂಪು ತಾರೆಯೆಂಬ ಅಲೆಮಾರಿ ಗ್ರಹವೊಂದಿದೆ. ಸುಮಾರು ಇನ್ನೂರು ವರ್ಷಗಳಿಗೊಮ್ಮೆ ಅದು ಸಮೀಪಿಸಿದಾಗ, ಐವತ್ತು ವರ್ಷಗಳ ಕಾಲ ಆಕಾಶದಿಂದ ಬೆಳ್ಳಿಯ ಬಣ್ಣದ ‘ನೂಲು’ ಸುರಿಯುತ್ತದೆ. ಬಿದ್ದಲ್ಲೆಲ್ಲ ಹಸುರನ್ನೂ ಮಾಂಸವನ್ನೂ ತಿಂದು ನೆಲವನ್ನು ಬರಿದುಮಾಡುತ್ತದೆ. ಅದನ್ನು ಗಾಳಿಯಲ್ಲಿಯೇ ಸುಟ್ಟುಹಾಕುವುದಕ್ಕಾಗಿ ಬೆಳೆಸಿದ ಪ್ರಾಣಿಗಳೇ ಡ್ರ್ಯಾಗನ್ನುಗಳು. ಅವು ಸುಮ್ಮನೆ ಬೆಂಕಿಯನ್ನು ಉಗುಳುವುದಿಲ್ಲ. ಒಂದು ಬಗೆಯ ಕಲ್ಲನ್ನು ಅಗಿದು, ಅದರಿಂದ ಹೊಟ್ಟೆಯಲ್ಲಿ ಅನಿಲವನ್ನು ಹುಟ್ಟಿಸಿ, ಅದು ಹೊರಗೆ ಬಂದು ಹೊತ್ತಿಕೊಳ್ಳುವಂತೆ ಮಾಡುತ್ತವೆ. ಕಲ್ಲು ಮುಗಿದರೆ ಬೆಂಕಿಯೂ ಮುಗಿಯಿತು. ಆದುದರಿಂದ ಯುದ್ಧದ ನಡುವೆ ಕಲ್ಲಿನ ಚೀಲಗಳನ್ನು ಹೊತ್ತು ತರುವ ಹುಡುಗರು ಬೇಕು. ವಿಸ್ಮಯಕ್ಕೆ ಉಗ್ರಾಣದ ಲೆಕ್ಕವನ್ನು ಇಟ್ಟ ಕಥೆಗಾರರು ಎಷ್ಟು ಮಂದಿ ಇದ್ದಾರೆ?

ಈ ಪ್ರಾಣಿಗಳು ಸವಾರರೊಡನೆ ಮನಸ್ಸಿನಿಂದ ಮಾತನಾಡುತ್ತವೆ. ಒಂದೆಡೆ ಮರೆಯಾಗಿ ಇನ್ನೊಂದೆಡೆ ಕಾಣಿಸಿಕೊಳ್ಳುತ್ತವೆ. ಇದಕ್ಕೆ ಯಾವ ಶಾಸ್ತ್ರದ ಆಧಾರವೂ ಇಲ್ಲವೆಂದು ನಾನು ನೇರವಾಗಿ ಒಪ್ಪುತ್ತೇನೆ. ತಾವು ಬರೆದುದು ವಿಜ್ಞಾನಕಥೆಯೇ ಹೊರತು ಅದ್ಭುತಕಥೆಯಲ್ಲವೆಂದು ಲೇಖಕಿ ಕೊನೆಯವರೆಗೂ ಹಟಹಿಡಿದರು. ಆ ಹಟ ನನಗೆ ಅನಾವಶ್ಯಕವೆಂದು ತೋರುತ್ತದೆ. ವಿಜ್ಞಾನಾದ್ಭುತವೆಂದು ಕರೆದರೆ ಮಾನವೇನೂ ಹೋಗದು. ನಮ್ಮ ಆಲಂಕಾರಿಕರು ಅದ್ಭುತವನ್ನು ಒಂದು ರಸವೆಂದು ಒಪ್ಪಿದವರು; ಅವರು ಕೇಳಿದುದು ಔಚಿತ್ಯವನ್ನು. ಆ ಪರೀಕ್ಷೆಯಲ್ಲಿ ಈ ಕಥೆ ನಿಲ್ಲುವುದೆ ಎಂಬುದೇ ಪ್ರಶ್ನೆ. ನಿಲ್ಲುತ್ತದೆ. ಮರೆಯಾಗಿ ಹೋಗುವ ದಾರಿಯಲ್ಲಿ ಗಾಳಿಯಿಲ್ಲ, ಬೆಳಕಿಲ್ಲ, ಶೀತ ಎಲುಬನ್ನು ಕೊರೆಯುತ್ತದೆ. ತಲುಪಬೇಕಾದ ಸ್ಥಳದ ಚಿತ್ರ ಸವಾರನ ಮನಸ್ಸಿನಲ್ಲಿ ಸ್ಪಷ್ಟವಾಗಿರಬೇಕು. ಇಲ್ಲವಾದರೆ ಹೋದವರು ಮರಳುವುದಿಲ್ಲ. ‘ಡ್ರ್ಯಾಗನ್‌ಕ್ವೆಸ್ಟ್’ನಲ್ಲಿ ಒಬ್ಬ ಸವಾರನು ಕೆಂಪು ತಾರೆಗೇ ಹೋಗಲೆತ್ನಿಸಿ, ತಾನೂ ತನ್ನ ಡ್ರ್ಯಾಗನ್ನೂ ಜರ್ಝರಿತರಾಗಿ ಬೀಳುತ್ತಾರೆ. ಅಸಾಧ್ಯವಾದುದನ್ನು ಒಂದು ಸಲ ಒಪ್ಪಿಸಿಕೊಂಡ ಮೇಲೆ ಲೇಖಕಿ ಮತ್ತೆ ಮೋಸಮಾಡುವುದಿಲ್ಲ. ವಾಸ್ತವವೆನಿಸಿಕೊಂಡ ಎಷ್ಟೋ ಕಾದಂಬರಿಗಳಲ್ಲಿ, ಕಥೆ ಸಿಕ್ಕಿಕೊಂಡಾಗಲೆಲ್ಲ ದೂರದ ನೆಂಟನೊಬ್ಬನು ಆಸ್ತಿಯನ್ನು ಬಿಟ್ಟು ಸಾಯುವುದನ್ನು ನೋಡಿಲ್ಲವೆ? ಅಲ್ಲಿ ಯಾರೂ ಶಾಸ್ತ್ರವನ್ನು ಕೇಳುವುದಿಲ್ಲ!

ಎರಡನೆಯ ಆಕ್ಷೇಪದಲ್ಲಿ ಸ್ವಲ್ಪ ಸತ್ಯವುಂಟು. ಮಾಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಪುಸ್ತಕಗಳಿವೆ. ಕೊನೆಯವುಗಳಲ್ಲಿ ಉಂಡ ಅನ್ನವನ್ನೇ ಮತ್ತೆ ಬಡಿಸಿದ ಹಾಗಿದೆ. ೨೦೦೩ರಿಂದ ಮಗ ಟಾಡ್ ಮೆಕ್ಯಾಫ್ರಿಯವರೊಡನೆ ಬರೆದ ಕಾದಂಬರಿಗಳಲ್ಲಿ ಮೊದಲಿನ ಕಾವಿಲ್ಲ. ಇವುಗಳ ಪರವಾಗಿ ನಾನು ವಾದಿಸುವುದಿಲ್ಲ. ಆದರೆ ಮಾಲೆಯ ದೊಡ್ಡ ಅರ್ಥ ಮಾಲೆಯಾಗಿದ್ದುದರಿಂದಲೇ ಸಾಧ್ಯವಾಯಿತೆಂಬುದನ್ನು ನಮ್ಮ ಮಿತ್ರರು ಗಮನಿಸಲಿಲ್ಲ. ಮೊದಲನೆಯ ಪುಸ್ತಕದ ಮುನ್ನುಡಿಯಲ್ಲಿ ಓದುಗನಿಗೆ ತಿಳಿದಿರುವ ಸಂಗತಿ, ಅಂದರೆ ಈ ಜನ ಬೇರೊಂದು ಲೋಕದಿಂದ ಬಂದವರೆಂಬುದು, ಪಾತ್ರಗಳಿಗೆ ತಿಳಿದಿಲ್ಲ. ಅವರು ತಮ್ಮ ಮೂಲವನ್ನು ಮರೆತಿದ್ದಾರೆ. ಒಂದೊಂದು ಸಂಪುಟದಲ್ಲಿಯೂ ಮರೆವಿನ ಒಂದೊಂದು ಪೊರೆ ಕಳಚುತ್ತದೆ. ನೂಲನ್ನು ನೆಲದಲ್ಲಿಯೇ ಅಳಿಸುವ ಹುಳು ದಕ್ಷಿಣದ ಮಣ್ಣಿನಲ್ಲಿ ಸಿಗುತ್ತದೆ. ಡ್ರ್ಯಾಗನ್ನುಗಳನ್ನು ಸಣ್ಣ ಜಾತಿಯ ಹಾರುವ ಹಲ್ಲಿಗಳಿಂದ ತಳಿಶಾಸ್ತ್ರದ ಬಲದಿಂದ ಬೆಳೆಸಿದ ಚರಿತ್ರೆಯನ್ನು ೧೯೮೮ರ ‘ಡ್ರ್ಯಾಗನ್ಸ್‌ಡಾನ್’ ಹೇಳುತ್ತದೆ. ೧೯೯೧ರ ‘ಆಲ್ ದ ವೇರ್ಸ್ ಆಫ್ ಪರ್ನ್’ನಲ್ಲಿ ಪೂರ್ವಜರ ಗಣಕಯಂತ್ರವು ಎಚ್ಚರಗೊಂಡು, ಕೆಂಪು ತಾರೆಯ ಪಥವನ್ನೇ ಬದಲಾಯಿಸುವ ವಿದ್ಯೆಯನ್ನು ಕಲಿಸಿಕೊಡುತ್ತದೆ. ಪುರಾಣದಂತೆ ಆರಂಭವಾದುದು ವಿಜ್ಞಾನವಾಗಿ ಮುಗಿಯುತ್ತದೆ. ಇಪ್ಪತ್ತಮೂರು ವರ್ಷಗಳ ಕಾಲ ಒಂದು ಸಮಾಜಕ್ಕೆ ಮೆಲ್ಲಮೆಲ್ಲನೆ ನೆನಪನ್ನು ಮರಳಿಸಿದ ಈ ಕ್ರಮ ಒಂದು ಸಂಪುಟದಲ್ಲಿ ಅಡಗತಕ್ಕದ್ದಲ್ಲ. ಹೊಟ್ಟೆಪಾಡಿಗಾಗಿ ಬರೆದರೆಂಬುದು ದೋಷವಾದರೆ, ಜಗತ್ತಿನ ಅರ್ಧ ಗ್ರಂಥಭಂಡಾರವನ್ನು ಬೀದಿಗೆ ಹಾಕಬೇಕಾದೀತು.

ಮೂರನೆಯ ಆಕ್ಷೇಪವೇ ನನ್ನನ್ನು ಲೇಖನಿ ಹಿಡಿಯುವಂತೆ ಮಾಡಿದುದು. ಹುಡುಗಿಯರ ಓದು ಎಂಬುದನ್ನು ಬೈಗುಳವಾಗಿ ಬಳಸುವ ಅಭ್ಯಾಸವನ್ನು ನಾವು ಯಾವಾಗ ಬಿಡುವೆವೋ ತಿಳಿಯದು. ಬಾಲಿಕೆಯರಿಗಾಗಿ ಒಂದು ಕಥೆಯನ್ನು ಬರೆದುಕೊಡಬೇಕೆಂದು ಸಂಪಾದಕಿಯೊಬ್ಬರು ಕೇಳಿದಾಗ ಮೆಕ್ಯಾಫ್ರಿಯವರು ೧೯೭೬ರಲ್ಲಿ ‘ಡ್ರ್ಯಾಗನ್‌ಸಾಂಗ್’ ಕಾದಂಬರಿಯನ್ನು ಕೊಟ್ಟರು. ಅದರ ನಾಯಿಕೆ ಮೆನೋಲಿ ಕಡಲತಡಿಯ ಮೀನುಗಾರರ ನೆಲೆಯೊಂದರ ಯಜಮಾನನ ಮಗಳು. ಅವಳಿಗೆ ಹಾಡು ಕಟ್ಟುವ ಪ್ರತಿಭೆಯಿದೆ. ಹೆಣ್ಣು ಹಾಡು ಕಟ್ಟುವುದು ಮನೆತನಕ್ಕೆ ಅಪಮಾನವೆಂದು ತಂದೆ ತಡೆಯುತ್ತಾನೆ, ಹೊಡೆಯುತ್ತಾನೆ. ಮೀನನ್ನು ಸೀಳುವಾಗ ಅವಳ ಅಂಗೈ ಕೊಯ್ದುಹೋಗುತ್ತದೆ. ವೈದ್ಯ ಬಲ್ಲ ತಾಯಿ ಆ ಗಾಯ ಸೆಟೆದುಕೊಂಡು ಮಾಯುವಂತೆ ಬಿಡುತ್ತಾಳೆ. ಬೆರಳುಗಳು ಇನ್ನು ತಂತಿಯನ್ನು ಮೀಟಲಾರವೆಂದು ಮಗಳಿಗೆ ಹೇಳುತ್ತಾಳೆ. ಆ ತಾಯಿ ರಾಕ್ಷಸಿಯಲ್ಲ. ಮನೆಯ ಶಾಂತಿಯನ್ನು ಕಾಯುವವಳು. ನಯವಾದ ದನಿಯಲ್ಲಿ, ಮಗಳ ಹಿತಕ್ಕೆಂದು ನಂಬಿ, ಕೈಯನ್ನು ಕೆಡಿಸುವ ಇಂತಹ ತಾಯಂದಿರನ್ನು ನಾವು ನೋಡಿಲ್ಲವೆಂದು ಎದೆಮುಟ್ಟಿ ಹೇಳಬಲ್ಲೆವೆ? ಮೆನೋಲಿ ಮನೆಯನ್ನು ಬಿಟ್ಟು ಕಡಲ ಗುಹೆಯೊಂದರಲ್ಲಿ ವಾಸಮಾಡುತ್ತಾಳೆ. ಕೊನೆಗೆ ಗಾಯಕರ ಗುರುಮಂದಿರವನ್ನು ಸೇರುತ್ತಾಳೆ. ಗಾಯನವನ್ನು ಕಲಿತ ಲೇಖಕಿಯ ಸ್ವಂತ ಅನುಭವ ಈ ಪುಟಗಳ ಹಿಂದಿದೆ. ನಮ್ಮ ಮನೆಯ ಹದಿಮೂರು ವರ್ಷದ ಹುಡುಗಿಯೊಬ್ಬಳು ಈ ಪುಸ್ತಕವನ್ನು ಮುಗಿಸಿ, ತಾಯಿ ಹಾಗೇಕೆ ಮಾಡಿದಳೆಂದು ನನ್ನನ್ನು ಕೇಳಿದಳು. ನಾನು ಉತ್ತರ ಹೇಳುವುದಕ್ಕೆ ಬಹಳ ಹೊತ್ತು ಬೇಕಾಯಿತು. ಪ್ರೌಢರು ಗಮನಿಸತಕ್ಕದ್ದಲ್ಲವೆಂಬ ಪುಸ್ತಕವು ಪ್ರೌಢನ ಬಾಯನ್ನು ಕಟ್ಟಿತು.

ನ್ಯಾಯಕ್ಕಾಗಿ, ನಮ್ಮ ಮಿತ್ರರು ಹೇಳದೆ ಬಿಟ್ಟ ಒಂದು ಆಕ್ಷೇಪವನ್ನು ನಾನೇ ಹೇಳಬೇಕು. ಅವರು ಓದಿದ್ದರೆ ಅದನ್ನು ಹೇಳುತ್ತಿದ್ದರು. ‘ಡ್ರ್ಯಾಗನ್‌ಫ್ಲೈಟ್’ನ ನಾಯಿಕೆ ಲೆಸ್ಸಾಳನ್ನು ನಾಯಕನು ತೋಳು ಹಿಡಿದು ಜಗ್ಗಾಡುತ್ತಾನೆ. ಡ್ರ್ಯಾಗನ್ನುಗಳ ಮಿಲನದ ಆವೇಶದಲ್ಲಿ ಸವಾರರೂ ಸಿಕ್ಕುವರೆಂಬ ಏರ್ಪಾಟಿನಲ್ಲಿ ಆಕೆಯ ಸಮ್ಮತಿಯನ್ನು ಕೇಳುವವರೇ ಇಲ್ಲ. ಸ್ತ್ರೀಯನ್ನು ಬೊಂಬೆಯಾಟದಿಂದ ಬಿಡಿಸಹೊರಟ ಲೇಖನಿಯಿಂದಲೇ ಇದು ಬಂದಿದೆಯೆಂಬುದು ವಿಷಾದದ ಸಂಗತಿ. ಕಾಲದ ದೋಷವೆಂದು ಹೇಳಿ ಇದನ್ನು ಮುಚ್ಚುವುದಕ್ಕೆ ನಾನು ಸಿದ್ಧನಲ್ಲ. ಆ ಪುಸ್ತಕವನ್ನು ಪ್ರಾಯಕ್ಕೆ ಬಂದವರ ಕೈಗೂ, ‘ಡ್ರ್ಯಾಗನ್‌ಸಾಂಗ್’ ಪುಸ್ತಕವನ್ನು ಬಾಲಿಕೆಯರ ಕೈಗೂ ಕೊಡಬೇಕೆಂಬುದೇ ನನ್ನ ಸೂಚನೆಯಾಗಿತ್ತು. ವಿವೇಚನೆ ಮಾಡುವುದು ಒಂದು. ಹೊದಿಕೆಯನ್ನು ನೋಡಿ ನಗುವುದು ಮತ್ತೊಂದು.

ಈಗ ನನ್ನ ಮುಖ್ಯವಾದ ಮಾತಿಗೆ ಬರುತ್ತೇನೆ. ‘ಡ್ರ್ಯಾಗನ್‌ಫ್ಲೈಟ್’ ಆರಂಭವಾಗುವಾಗ ನೂಲು ಬಿದ್ದು ನಾನೂರು ವರ್ಷಗಳಾಗಿವೆ. ನಡುವೆ ಬರಬೇಕಾಗಿದ್ದ ಸುತ್ತೊಂದು ತಪ್ಪಿಹೋಗಿದೆ. ಡ್ರ್ಯಾಗನ್ನುಗಳ ಆರು ನೆಲೆಗಳಲ್ಲಿ ಐದು ಬರಿದಾಗಿವೆ. ಅಲ್ಲಿಯವರು ಎಲ್ಲಿಗೆ ಹೋದರೆಂಬುದು ಯಾರಿಗೂ ತಿಳಿಯದು. ನೂಲು ಬರುತ್ತದೆ, ಎಚ್ಚರವಾಗಿರಿ, ಮನೆಯ ಸುತ್ತ ಹಸುರನ್ನು ಬೆಳೆಯಗೊಡಬೇಡಿ ಎಂದು ಹೇಳುವ ಬೋಧನೆಯ ಹಾಡುಗಳು ಮಾತ್ರ ಉಳಿದಿವೆ. ಪ್ರಭುಗಳು ಅವುಗಳನ್ನು ಅಜ್ಜಿಕಥೆಯೆಂದು ನಗುತ್ತಾರೆ. ತಾವು ವ್ಯವಹಾರಜ್ಞರು, ಕಣ್ಣಿಗೆ ಕಂಡುದನ್ನು ಮಾತ್ರ ನಂಬುವವರು ಎಂಬುದು ಅವರ ಹೆಮ್ಮೆ. ಕಲ್ಲಿನ ಗೋಡೆಗಳ ಬುಡದವರೆಗೂ ಹುಲ್ಲು ಬೆಳೆಯುತ್ತದೆ. ಡ್ರ್ಯಾಗನ್ನುಗಳಿಗೆ ಕೊಡಬೇಕಾದ ಕಾಣಿಕೆ ನಿಲ್ಲುತ್ತದೆ. ಆಮೇಲೆ ಆಕಾಶದಲ್ಲಿ ಕೆಂಪು ತಾರೆ ಮೂಡುತ್ತದೆ.

ಆ ನಾಡನ್ನು ಉಳಿಸಿದುದು ಯಾವುದು? ಅರ್ಥವಾಗದ ಒಂದು ಹಳೆಯ ಹಾಡು; ಗೋಡೆಯ ಮೇಲಿನ ಹಳೆಯ ಚಿತ್ರಪಟ. ಬರಿದಾದ ನೆಲೆಗಳ ಜನ ಎಲ್ಲಿಗೆ ಹೋದರೆಂದು ಕೇಳುವ ಹಾಡನ್ನು ಲೆಸ್ಸಾ ಒಗಟೆಯಂತೆ ಬಿಡಿಸುತ್ತಾಳೆ. ಚಿತ್ರಪಟದಲ್ಲಿರುವ ದೃಶ್ಯವನ್ನೇ ಮನಸ್ಸಿನಲ್ಲಿಟ್ಟುಕೊಂಡು, ತನ್ನ ಡ್ರ್ಯಾಗನ್ ರಾಮೋತ್‌ಳೊಡನೆ ನಾನೂರು ವರ್ಷ ಹಿಂದಕ್ಕೆ ಹೋಗಿ, ಸಾವಿನ ಅಂಚನ್ನು ಮುಟ್ಟಿ, ಆ ಐದು ನೆಲೆಗಳ ಜನರನ್ನು ತನ್ನ ಕಾಲಕ್ಕೆ ಕರೆತರುತ್ತಾಳೆ. ಅವರು ಕಾಣೆಯಾದುದೇ ಇದಕ್ಕಾಗಿ. ಹಾಡನ್ನು ಕಟ್ಟುಕಥೆಯೆಂದು ನಕ್ಕವರು ಹಾಡಿನಿಂದಲೇ ಬದುಕಿದರು.

ಪುಸ್ತಕವನ್ನು ಮೇಜಿನ ಅಂಚಿಗೆ ಸರಿಸಿದ ಹಿರಿಯರನ್ನು ನಾನು ಗೌರವಿಸುತ್ತೇನೆ. ಆದರೆ ಆ ದಿನ ಅವರು ಆಡಿದುದು ಪರ್ನ್ ಪ್ರಭುಗಳ ಮಾತನ್ನೇ. ಕಂಡುದನ್ನು ಮಾತ್ರ ನಂಬುವ ವಿವೇಕವು ಮನೆಯನ್ನು ಕಟ್ಟಬಲ್ಲದು. ಇನ್ನೂ ಕಾಣಬಾರದಿರುವುದನ್ನು ನೆನೆಯುವ ಶಕ್ತಿಯೊಂದಿಲ್ಲದಿದ್ದರೆ ಆ ಮನೆಯನ್ನು ಉಳಿಸಿಕೊಳ್ಳುವುದು ಕಷ್ಟ. ಮಕ್ಕಳಲ್ಲಿ ಆ ಶಕ್ತಿ ಹುಟ್ಟುವುದು ಇಂತಹ ಕಥೆಗಳಿಂದ; ಅದನ್ನು ಹತ್ತು ವರ್ಷ ಅಲಕ್ಷಿಸಿ, ಹನ್ನೊಂದನೆಯ ವರ್ಷ ನಮ್ಮ ತರುಣರಿಗೆ ಕಲ್ಪನೆಯೇ ಇಲ್ಲವೆಂದು ಭಾಷಣಮಾಡಿದರೆ ಫಲವೇನು?

ಪಟ್ಟಿಯನ್ನು ಮುಂದಿನ ಸಭೆಯಲ್ಲಿ ಮತ್ತೆ ಪರಿಶೀಲಿಸುವರೆಂದು ಕೇಳಿದ್ದೇನೆ. ಆ ನಾಲ್ಕು ಸಂಪುಟಗಳನ್ನು ಮತ್ತೆ ಸೂಚಿಸುವೆನು. ನನ್ನ ಪ್ರಾರ್ಥನೆ ಇಷ್ಟೆ: ಈ ಸಲ ತಳ್ಳಿಹಾಕುವವರು ಓದಿ ತಳ್ಳಿಹಾಕಲಿ. ಮೊದಲ ಐವತ್ತು ಪುಟಗಳು ಸಾಕು.