ನೆಲದ ಮೇಲೆ ಕೂತವರ ಚರಿತ್ರೆ ಯಾರು ಬರೀಬೇಕು?

ಶಿವಮೊಗ್ಗದಲ್ಲಿ ಇವತ್ತಿಗೂ 'ಲಕ್ಷ್ಮಿ ಟಾಕೀಸ್ ಹತ್ರ' ಅಂದರೆ ಸಾಕು, ಬೇರೆ ವಿಳಾಸ ಬೇಕಿಲ್ಲ. ಆದರೆ ಅದಕ್ಕೂ ಹಿಂದೆ ಬಯಲಲ್ಲಿ ಗೂಟ ಹೊಡೆದು ಎದ್ದ ಡೇರೆಗಳಿಗೆ, ತಗಡು ಹೊದಿಸಿದ ಹಳೇ ಟಾಕೀಸುಗಳಿಗೆ ಗುರುತೂ ಉಳಿದಿಲ್ಲ. ಜಾಗದ ಬೆಲೆ ಏರಿತು, 1982ರ ನಂತರ ಟಿ.ವಿ. ಮನೆಮನೆಗೆ ಬಂತು, ಡೇರೆ ಮಡಚಿದರು. ಈಗ ಆ ಚರಿತ್ರೆ ಹುಡುಕುವವರಿದ್ದಾರೆ. ಒಳ್ಳೇದೇ. ಮಾಲೀಕರು ಯಾರು, ಉದ್ಘಾಟಿಸಿದ ದೊಡ್ಡವರು ಯಾರು ಅಂತ ಅವರು ಕೇಳುತ್ತಾರೆ. ನಾವು ಕೇಳೋದು ಬೇರೆ: ನೆಲದ ಮೇಲೆ ಕೂತವರು ಯಾರು?

1934ರಲ್ಲಿ 'ಸತಿ ಸುಲೋಚನಾ' ಬಂದಾಗ ಕನ್ನಡದ ತೆರೆ ಮಾತಾಡಿತು. ಅದಕ್ಕೆ ಹನ್ನೊಂದು ವರ್ಷ ಮೊದಲೇ, 1923ರಲ್ಲಿ, ಬೆಂಕಿಪುರವೆಂಬ ಭದ್ರಾವತಿಯಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡಿತ್ತು. ಕನ್ನಡ, ತಮಿಳು, ತೆಲುಗು, ಮಲಯಾಳಂ ಆಡುವ ದುಡಿಯುವ ಜನ ಬಂದು ಸೇರಿದರು. ಸಂಬಳದ ದಿನವೆಂಬುದಿರುವ ಊರಿಗೆ ಸಿನಿಮಾ ಬರದೆ ಇರುತ್ತದೆಯೇ?

ಟೆಂಟಿನ ಕ್ರಮ ನಮ್ಮ ಹಿರಿಯರಿಗೆ ಬಾಯಿಪಾಠ. ಕತ್ತಲಾದ ಮೇಲೇ ಆಟ. ಘಂಟಸಾಲರ ಭಕ್ತಿಗೀತೆ ಮೈಕಿನಲ್ಲಿ ಬಂತು ಅಂದರೆ ಟಿಕೆಟ್ ಶುರು. ಮುಂದೆ ನೆಲ, ಹಿಂದೆ ಬೆಂಚು, ಅದರ ಹಿಂದೆ ಕುರ್ಚಿ. ಒಂದೇ ಪ್ರೊಜೆಕ್ಟರ್ ಇದ್ದಲ್ಲಿ ರೀಲು ಬದಲಿಸುವಾಗೆಲ್ಲ ವಿರಾಮ. ನೆಲಕ್ಕೆ 'ಗಾಂಧಿ ಕ್ಲಾಸು' ಅಂತ ಹೆಸರು.

ಹೋಟೆಲಿನಲ್ಲಿ ನಮಗೆ ಬೇರೆ ಲೋಟ, ಗುಡಿಯಲ್ಲಿ ಹೊಸ್ತಿಲಾಚೆ. ಟಿಕೆಟಿನ ಕಿಂಡಿ ಕೇಳಿದ್ದು ಮಾತ್ರ ಕಾಸು. ಇದನ್ನೇ ಸಮಾನತೆ ಅಂತ ಬೀಗುವವರಿದ್ದಾರೆ. ನಾವು ಒಪ್ಪೋದಿಲ್ಲ. ಕುರ್ಚಿಗೆ ಕಾಸಿದ್ದವರು ಯಾರು? ಜಾತಿ ಬಾಗಿಲಾಚೆ ಉಳಿಯಲಿಲ್ಲ, ಕಾಸಿನ ವೇಷ ಹಾಕ್ಕೊಂಡು ಒಳಗೆ ಬಂದು ಹಿಂದಿನ ಸಾಲಲ್ಲಿ ಕೂತಿತು. ಆದರೂ ಕತ್ತಲಲ್ಲಿ ಮೈಗೆ ಮೈ ತಾಗಿಸಿ ಕೂತ ಆ ಮೂರು ಗಂಟೆ ಸುಳ್ಳಲ್ಲ. ಎರಡನ್ನೂ ಬರೀಬೇಕು.

1975ರ 'ಚೋಮನ ದುಡಿ'ಗೆ ಸ್ವರ್ಣಕಮಲ ಬಂತು, ಚೋಮನಾದ ವಾಸುದೇವರಾಯರಿಗೆ ರಾಷ್ಟ್ರಪ್ರಶಸ್ತಿ ಬಂತು. ತೆರೆಯ ಮೇಲೆ ತುಂಡು ಭೂಮಿ ಬೇಡಿದ ಚೋಮ ದಾಖಲೆಯಲ್ಲಿದ್ದಾನೆ. ತೆರೆಯ ಕೆಳಗೆ ನೆಲದಲ್ಲಿ ಕೂತ ಭೂಮಿಯಿಲ್ಲದವನು ಎಲ್ಲಿದ್ದಾನೆ? ನಮ್ಮ ಜಿಲ್ಲೆಯದೇ ಹೆಗ್ಗೋಡಿನಲ್ಲಿ 1973ರಲ್ಲಿ ಹುಟ್ಟಿದ ನೀನಾಸಂ ಚಿತ್ರಸಮಾಜದ ಬಗ್ಗೆ ಬರಹಗಳಿವೆ. ಟೆಂಟಿನ ನೆಲದ ಬಗ್ಗೆ?

ಹಾಸ್ಟೆಲಿನ ಗೆಳೆಯರೇ, ರಜೆಗೆ ಊರಿಗೆ ಹೋದಾಗ ಅಜ್ಜಿಯನ್ನ ಕೇಳಿ: ಯಾವ ಪಿಚ್ಚರು, ಯಾರ ಜೊತೆ, ಎಲ್ಲಿ ಕೂತಿದ್ದೆ, ಯಾರಾದರೂ ಎಬ್ಬಿಸಿದರಾ? ಗೇಟು ಕಾದವರನ್ನ, ಪೋಸ್ಟರು ಅಂಟಿಸಿದವರನ್ನ, ಕ್ಯಾಬಿನ್ನಿನಲ್ಲಿ ಕಾರ್ಬನ್ ಕಡ್ಡಿ ಹೊತ್ತಿಸಿದವರನ್ನ, ಆಟ ಮುಗಿದ ಮೇಲೆ ಕಸ ಗುಡಿಸಿದವರನ್ನ ಹುಡುಕಿ. ಅವರಿಗೆಲ್ಲ ವಯಸ್ಸಾಗಿದೆ. ಅವರೂ ಹೋದರೆ ಆ ಟಾಕೀಸನ್ನ ಇನ್ನೊಂದು ಸಲ ಕೆಡವಿದ ಹಾಗೆ. ಅವರ ಮಾತು ಅವರ ಬಾಯಲ್ಲಿ ಬಂದ ಹಾಗೇ ಬರಕೊಳ್ಳಿ. ಮುಂದಿನ ಸಭೆಗೆ ತನ್ನಿ, ಎಲ್ಲರೂ ಕೂತು ಓದೋಣ.